ಹತ್ತಿ ಕಚ್ಚಿದ ಒಂದು ಗಂಟೆ

ನಮ್ಮ ದೊಡ್ಡಪ್ಪ ಸಿದ್ದಯ್ಯನವರ ಎದೆಯೊಳಗೆ ಒಂದು ಸ್ಟೆಂಟ್ ಇದೆ. ಹೊಂಗನೂರಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಯಾರಾದರೂ ಇದ್ದರೆ ಅವರು ಆವತ್ತು ಬೆಳಿಗ್ಗೆ ತಾನೇ ಊರಿಗೆ ಬಂದವರಾಗಿರಬೇಕು, ಸಂಜೆಯೊಳಗೆ ಅವರಿಗೂ ಗೊತ್ತಾಗಿರುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಬಂದ ಮೇಲೆ, ಒಂದೂವರೆ ವರ್ಷದಿಂದ ಅವರು ಹಾಲಿನ ಡೇರಿಯ ಮುಂದೆ ನಿಂತು ದಿನಕ್ಕೆ ಎರಡು ಹೊತ್ತು ಹೃದಯದ ಬಗ್ಗೆ ಸಲಹೆ ಕೊಡುತ್ತಾರೆ. ಮನೆಯಲ್ಲಿ ಕರೆಯುವ ಹಸು ಒಂದೇ, ಅದು ಕೊಡುವುದು ಮೂರು ಲೀಟರು. ಆದರೆ ಹತ್ತು ಹಸು ಇರುವವರೂ ಡೇರಿಯಲ್ಲಿ ಅವರಷ್ಟು ಹೊತ್ತು ನಿಲ್ಲುವುದಿಲ್ಲ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕಂಕುಳಲ್ಲಿ ಆಸ್ಪತ್ರೆಯ ನೀಲಿ ಫೈಲು. ಹೀಗಾಗಿ ಊರಿನವರು ಅವರಿಗೆ ಹಾರ್ಟ್ ಸಿದ್ದಯ್ಯ ಎಂದೇ ಹೆಸರಿಟ್ಟರು. ದೊಡ್ಡಪ್ಪ ಅದನ್ನು ಬಿರುದು ಎಂದು ತಿಳಿದರು.

ಇಂಥವರಿಗೆ ಹಲ್ಲುನೋವು ಬಂದರೆ ಕಷ್ಟ. ಬೇರೆಯವರಾದರೆ ನಾಲ್ಕು ಜನರನ್ನು ಕೇಳಬಹುದು. ನಾಲ್ಕು ಜನರೂ ಬಂದು ತನ್ನನ್ನೇ ಕೇಳುವಾಗ ದೊಡ್ಡಪ್ಪ ಯಾರನ್ನು ಕೇಳಬೇಕು? ಬಲಗಡೆಯ ದವಡೆ ಹಲ್ಲು ಹುಳುಕು ಹಿಡಿದು ಒಂದು ತಿಂಗಳಾದರೂ ಅವರು ಬಾಯಿ ಬಿಡಲಿಲ್ಲ. ಚಪಾತಿ ತಿನ್ನುವ ಸೀಮೆಯಾಗಿದ್ದರೆ ಮೊದಲನೇ ದಿನವೇ ಗೊತ್ತಾಗುತ್ತಿತ್ತು. ನಮ್ಮದು ಮುದ್ದೆಯ ಸೀಮೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಬಾಯಲ್ಲಿ ಒಂದೂ ಹಲ್ಲಿಲ್ಲದವನೂ ಇಲ್ಲಿ ಮರ್ಯಾದೆಯಾಗಿ ಎರಡು ಮುದ್ದೆ ಉಂಡು ಕೈ ತೊಳೆದುಕೊಳ್ಳಬಹುದು.

ಅವರು ಸಿಕ್ಕಿಬಿದ್ದದ್ದು ಲವಂಗದಿಂದ. ಆಗ ನಮ್ಮ ಹುಳುಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಹಂತದಲ್ಲಿದ್ದವು. ಇನ್ನು ಎಂಟು ದಿನ ಹೊಟ್ಟೆತುಂಬ ಸೊಪ್ಪು ತಿಂದರೆ ಗೂಡು ಕಟ್ಟಬೇಕು. ಹುಳುಗಳಿಗೆ ವಾಸನೆ ಆಗುವುದಿಲ್ಲ. ಬೀಡಿ, ಊದುಬತ್ತಿ, ಪೌಡರು ಯಾವುದನ್ನೂ ದೊಡ್ಡಮ್ಮ ಚಿಕ್ಕಲಕ್ಷ್ಮಮ್ಮ ಆ ಬಾಗಿಲ ಹತ್ತಿರ ಬಿಡುವುದಿಲ್ಲ. ನಾನು ಶಾಲೆ ಬಿಟ್ಟು ಆರು ವರ್ಷದಿಂದ ಅವರ ಜೊತೆ ಆ ಕೆಲಸ ಮಾಡುತ್ತಿದ್ದೇನೆ, ಒಂದು ದಿನವೂ ತಲೆಗೆ ಹೂವು ಮುಡಿದು ಒಳಗೆ ಹೋಗಿಲ್ಲ. ಅಂಥ ಕಡೆ ದೊಡ್ಡಪ್ಪ ಮೂರು ಲವಂಗ ದವಡೆಗೆ ಒತ್ತಿಕೊಂಡು, ಮೇಲೆ ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡು ಸೊಪ್ಪಿನ ಹೊರೆ ಹೊತ್ತು ಬಂದರು. ದೊಡ್ಡಮ್ಮ ತಲೆಯೆತ್ತಿ ಒಂದು ಸಲ ಮೂಗು ಅರಳಿಸಿದರು. ಗಂಡನ ಕೆನ್ನೆ ನೋಡಿದರು, ಹುಳುಗಳನ್ನು ನೋಡಿದರು. ಎರಡರಲ್ಲಿ ಯಾವುದು ಮುಖ್ಯ ಎಂದು ಅವರು ಬಹಳ ಹೊತ್ತು ಯೋಚಿಸಲಿಲ್ಲ.

“ಆ ಹಲ್ಲು ಕೀಳ್ಸೋಗಂಟ ಈ ಹೊಸ್ಲು ದಾಟಬ್ಯಾಡಿ,” ಎಂದರು.

ದೊಡ್ಡಪ್ಪ ಹೊರೆಯನ್ನು ಹೊರಗೇ ಇಳಿಸಿದರು. ಕೀಳಿಸುವುದಕ್ಕೆ ತನ್ನದೇನೂ ಅಡ್ಡಿಯಿಲ್ಲವೆಂದೂ, ರಕ್ತ ತೆಳುವಾಗುವ ಮಾತ್ರೆ ನುಂಗುವವರ ಹಲ್ಲು ಕಿತ್ತರೆ ರಕ್ತ ಚನ್ನಪಟ್ಟಣದಲ್ಲಿ ಶುರುವಾದದ್ದು ಮದ್ದೂರಿನವರೆಗೆ ನಿಲ್ಲುವುದಿಲ್ಲವೆಂದೂ ಹೊಸ್ತಿಲಾಚೆಯಿಂದಲೇ ವಿವರಿಸಿದರು. ನಿಜ ಹೇಳಬೇಕೆಂದರೆ ಅವರಿಗೆ ರಕ್ತದ ಭಯವಲ್ಲ, ಸೂಜಿಯ ಭಯ. ಬೆಂಗಳೂರಿನಲ್ಲಿ ನರ್ಸಮ್ಮ ಸೂಜಿ ತಂದಾಗಲೆಲ್ಲ ಅವರು ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಅದು ಫೈಲಿನಲ್ಲಿ ಬರೆದಿಲ್ಲ.

ದೊಡ್ಡಮ್ಮ ಒಪ್ಪಲಿಲ್ಲ. ಆವತ್ತು ಸಂಜೆ ಡೇರಿಯಲ್ಲಿ ದೊಡ್ಡಪ್ಪನ ತಲೆಯೊಳಗೆ ಒಂದು ಸಿದ್ಧಾಂತ ಹುಟ್ಟಿತು. ಅಲ್ಲಿದ್ದವರೆಲ್ಲ ಹುಳು ಸಾಕುವವರೇ. ಅವರಿಗೆ ಅರ್ಥವಾಗುವ ಹಾಗೆ ಹೇಳಿದರು.

“ಹುಳ ಪೊರೆ ಬುಡೋವಾಗ ಸೊಪ್ಪಾಕ್ತೀವಾ? ಇಲ್ಲ. ಮುಟ್ಟೋದೂ ಇಲ್ಲ. ಯಾಕೆ? ಒಳಗೆ ಕೆಲ್ಸ ನಡೀತಿರ್ತದೆ. ಹಂಗೇ ಮನ್ಸ ಹಲ್ಲು ಬುಡೋವಾಗ ಮಾತ್ರೆ ಹಾಕಬಾರ್ದು. ಒಂದು ವಾರ ನಿಲ್ಲಿಸ್ಬುಟ್ರೆ ರಕ್ತ ತಾನಾಗೇ ಗಟ್ಟಿಯಾಯ್ತದೆ.”

ಡೇರಿಯ ಸೆಕ್ರೆಟರಿ ರುದ್ರಪ್ರಸಾದ್ ಬಿ.ಕಾಂ. ಓದಿದವರು, ದೊಡ್ಡಪ್ಪ ಏನು ಹೇಳಿದರೂ ಅಲ್ಲಗಳೆಯುವುದು ಅವರ ವಾಡಿಕೆ. ಆವತ್ತು ಅವರೂ ಹಾಲಿನ ಅಳತೆ ನಿಲ್ಲಿಸಿ ತಲೆದೂಗಿದರು. ಪೊರೆ ಬಿಡುವ ಹುಳುವಿಗೆ ಸೊಪ್ಪು ಹಾಕಬೇಕು ಎಂದು ವಾದಿಸುವುದಕ್ಕೆ ನಮ್ಮೂರಿನಲ್ಲಿ ಯಾರಿಗೂ ಧೈರ್ಯವಿಲ್ಲ. ಮನುಷ್ಯ ಹುಳುವಲ್ಲ ಎನ್ನುವುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ರಾತ್ರಿಯಿಂದ ದೊಡ್ಡಪ್ಪ ಮಾತ್ರೆ ನಿಲ್ಲಿಸಿದರು. ಪ್ರತಿದಿನ ಡೇರಿಗೆ ಹೋಗಿ ರಕ್ತದ ವರದಿ ಒಪ್ಪಿಸುತ್ತಿದ್ದರು. ಮೊದಲನೇ ದಿನ ಮಜ್ಜಿಗೆಯಂತಿದ್ದದ್ದು ಮೂರನೇ ದಿನಕ್ಕೆ ಹಾಲಿನಂತಾಗಿತ್ತು. ಐದನೇ ದಿನ ಅದು ಗಟ್ಟಿ ಮೊಸರಾಗಿದೆಯೆಂದೂ, ಕೈಕಾಲಿಗೆ ಇಪ್ಪತ್ತು ವರ್ಷದ ಹಿಂದಿನ ಬಲ ಬಂದಿದೆಯೆಂದೂ ಸಾರಿದರು. ರಕ್ತ ಗಟ್ಟಿಯಾದದ್ದು ಹೇಗೆ ಗೊತ್ತಾಯಿತೆಂದು ರುದ್ರಪ್ರಸಾದ್ ಕೇಳಿದ್ದಕ್ಕೆ, ಮಲಗಿದಾಗ ಅದು ಹರಿಯುವ ಸದ್ದೇ ಬೇರೆಯಾಗಿದೆ ಎಂದರು.

ಆರನೇ ದಿನ ಮಧ್ಯಾಹ್ನ ನಾನೂ ದೊಡ್ಡಪ್ಪನೂ ಚನ್ನಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ದೊಡ್ಡಮ್ಮ ಹುಳು ಬಿಟ್ಟು ಬರುವ ಹಾಗಿರಲಿಲ್ಲ. ಡಾಕ್ಟರು ಕೆಹಕಶಾನ್ ಎಂಬ ಚಿಕ್ಕ ವಯಸ್ಸಿನ ಹೆಂಗಸು. ದಾರಿಯಲ್ಲಿ ದೊಡ್ಡಪ್ಪ ನೀಲಿ ಫೈಲನ್ನು ನನ್ನ ಚೀಲಕ್ಕೆ ತುರುಕಿ, ಹಾರ್ಟ್ ಎಂದರೆ ಇವರು ಬೆಂಗಳೂರಿಗೆ ಓಡಿಸುತ್ತಾರೆ, ಅಲ್ಲಿ ಮತ್ತೆ ಸೂಜಿ, ಅದಕ್ಕೆ ಬಾಯಿ ಬಿಡಬೇಡ ಎಂದು ಎಚ್ಚರಿಸಿದ್ದರು. ನನಗೆ ಬಾಯಿ ಬಿಡಬೇಡ ಎಂದು ಹೇಳಬೇಕಾದ ಅಗತ್ಯ ಯಾರಿಗೂ ಬರುವುದಿಲ್ಲ. ಆದರೂ ಹೇಳಿದರು.

ಡಾಕ್ಟರು ಒಂದೊಂದಾಗಿ ಕೇಳಿ ಬರೆದುಕೊಂಡರು. ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಇಲ್ಲ. ಹೃದಯದ ತೊಂದರೆ ಇಲ್ಲ. ದಿನಾ ನುಂಗುವ ಮಾತ್ರೆ ಯಾವುದೂ ಇಲ್ಲ. ಅರವತ್ತೇಳು ವರ್ಷದಲ್ಲಿ ಇಷ್ಟು ಆರೋಗ್ಯವಂತ ಮನುಷ್ಯ ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ದೊಡ್ಡಪ್ಪ ಕುರ್ಚಿಗೆ ಒರಗಿ ಬಾಯಿ ತೆರೆದರು. ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮುನವ್ವರಾ ಅರ್ಧ ತೆರೆದ ಬಾಗಿಲಿನಿಂದ ಅವರನ್ನು ಕಂಡಳು. ಅವಳು ನಮ್ಮೂರವಳು, ಬಣ್ಣದ ಗೊಂಬೆ ಮಾಡುವ ಕೆಲಸಕ್ಕೆ ದಿನಾ ಚನ್ನಪಟ್ಟಣಕ್ಕೆ ಬರುತ್ತಾಳೆ.

“ಅರೆ, ಹಾರ್ಟ್ ಸಿದ್ದಯ್ಯನೋರು,” ಎಂದು ಎದ್ದೇ ಬಂದಳು. “ನಮ್ಮನೆಯೋರ್ನ ನೀವೇಳ್ದಂಗೇ ಬೆಂಗ್ಳೂರಲ್ಲೇ ತೋರಿಸ್ದೆ. ನಿಮಗಾಕಿರೋ ಅಂಥದ್ದೇ ಸ್ಟೆಂಟ್ ಹಾಕ್ತಾರಂತೆ.”

ಬಾಯಿ ತೆರೆದಿದ್ದ ದೊಡ್ಡಪ್ಪನಿಗೆ ಉತ್ತರ ಕೊಡಲು ಬಾಯಿಯೇ ಇರಲಿಲ್ಲ. ಕಣ್ಣಿನಲ್ಲೇ ಅವಳನ್ನು ಹೊರಗೆ ಕಳಿಸಲು ನೋಡಿದರು. ಮುನವ್ವರಾ ಅದನ್ನು ಹಲ್ಲುನೋವು ಎಂದುಕೊಂಡು, ಇವರು ಎಂಥ ತಿಳಿವಳಿಕಸ್ಥರು, ಎದೆ ಹಿಡಿದುಕೊಂಡವರೆಲ್ಲ ಮೊದಲು ಇವರ ಹತ್ತಿರವೇ ಹೋಗುವುದು ಎಂದು ಡಾಕ್ಟರಿಗೆ ಪರಿಚಯ ಮಾಡಿಕೊಟ್ಟು ಹೋಗಿ ಕುಳಿತಳು. ಡಾಕ್ಟರು ಕೈಯಲ್ಲಿದ್ದ ಸಾಮಾನನ್ನು ತಟ್ಟೆಗೆ ಇಟ್ಟರು. ಫೈಲು ಎಲ್ಲಿ ಎಂದು ಕೇಳಿದರು. ಮನೆಯಲ್ಲಿ ಬಿಟ್ಟು ಬಂದೆ ಎಂದರು ದೊಡ್ಡಪ್ಪ. ನಾನು ಚೀಲದಿಂದ ಫೈಲು ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರು ಹಾಳೆ ತಿರುವಿ ನೋಡಿ, ರಕ್ತ ತೆಳು ಮಾಡುವ ಮಾತ್ರೆ ಎಂದಿನಿಂದ ಬಿಟ್ಟಿದ್ದೀರಿ ಎಂದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲವಾಗಿ ದೊಡ್ಡಪ್ಪ ತುಸು ಗತ್ತಿನಿಂದಲೇ ಐದು ದಿನ ಎಂದರು, ಹುಳುವಿನ ಪೊರೆಯ ವಿಷಯವನ್ನೂ ಹೇಳಿದರು. ಡಾಕ್ಟರ ಮುಖ ಬಿಳುಪೇರಿತು. ಸ್ಟೆಂಟ್ ಇರುವವರು ಆ ಮಾತ್ರೆಯನ್ನು ತಾವಾಗಿ ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಹಲ್ಲು ಕೀಳುವುದಕ್ಕೆ ಮಾತ್ರೆ ನಿಲ್ಲಿಸಿ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ದೊಡ್ಡಪ್ಪ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡುತ್ತ ಕುಳಿತರು. ಮನೆಗೆ ಫೋನು ಮಾಡಿ ಎಂದು ಡಾಕ್ಟರು ನನಗೆ ಹೇಳಿದರು.

ದೊಡ್ಡಮ್ಮ ಹುಳುಮನೆಯಿಂದಲೇ ಎತ್ತಿಕೊಂಡರು. ಸ್ಪೀಕರಿನಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದೂ ಕೇಳುತ್ತಿತ್ತು. ಡಾಕ್ಟರು ವಿಷಯ ಹೇಳಿದರು.

“ಬುಟ್ಟಿಲ್ಲ ಕಣವ್ವ,” ಎಂದರು ದೊಡ್ಡಮ್ಮ. “ಅವ್ರು ಬುಟ್ಟಿವ್ನಿ ಅನ್ಕೊಂಡವ್ರೆ. ದಿನಾ ರಾತ್ರಿ ನಾನು ಮುದ್ದೆ ಒಳಗಿಟ್ಟು ಕೊಡ್ತಿವ್ನಿ. ಅಗಿಯೋರಾಗಿದ್ರೆ ಗೊತ್ತಾಗೋದು.”

ದೊಡ್ಡಪ್ಪ ತಮ್ಮ ಮುಂಗೈಯ ನರವನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಐದು ದಿನ ಮೊಸರೆಂದು ನಂಬಿದ್ದು ಅಲ್ಲಿ ಮಜ್ಜಿಗೆಯಾಗಿಯೇ ಹರಿಯುತ್ತಿತ್ತು. ಹಾಗೆ ಮುಚ್ಚಿ ಮಾತ್ರೆ ಕೊಡುವುದು ಸರಿಯಲ್ಲ ಎಂದು ಡಾಕ್ಟರು ದೊಡ್ಡಮ್ಮನಿಗೆ ಬುದ್ಧಿ ಹೇಳಬೇಕೆಂದು ಬಾಯಿ ತೆರೆದರು. ನಗು ಬಂದು ಎರಡು ಸಲ ನಿಲ್ಲಿಸಿ ಮೂರನೇ ಸಲ ಹೇಳಿದರು. ಆಮೇಲೆ ಫೈಲಿನಲ್ಲಿದ್ದ ಹೃದಯದ ಡಾಕ್ಟರಿಗೆ ಹಾಳೆಗಳ ಫೋಟೊ ಕಳಿಸಿ ಮಾತಾಡಿದರು. ಮಾತ್ರೆ ನಿಲ್ಲಿಸುವುದು ಬೇಡ, ಒಂದೇ ಹಲ್ಲು ತಾನೇ, ಕೀಳಬಹುದು ಎಂದು ಆ ಕಡೆಯಿಂದ ಉತ್ತರ ಬಂತು. ಬಿಪಿ ನೋಡಿದರು. ಸೂಜಿ ಬಂತು, ದೊಡ್ಡಪ್ಪನ ಕೈ ನನ್ನ ಕೈಗೆ ಬಂತು. ಹಲ್ಲು ಬಂದ ಮೇಲೆ ಒಂದು ಹೊಲಿಗೆ ಹಾಕಿ, ಹತ್ತಿಯ ಉಂಡೆ ಇಟ್ಟು ಗಟ್ಟಿಯಾಗಿ ಕಚ್ಚಿಸಿದರು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಮದ್ದೂರಿನವರೆಗೆ ಹೋಗುವುದಿರಲಿ, ಕುರ್ಚಿಯಿಂದ ಕೆಳಗೂ ಇಳಿಯಲಿಲ್ಲ.

ಆಗ ನಾಲ್ಕು ಗಂಟೆ ನಲವತ್ತು ನಿಮಿಷ. ಒಂದು ಗಂಟೆ ಹತ್ತಿ ಬಿಡಬಾರದು, ಉಗುಳಬಾರದು, ಮುಖ್ಯವಾಗಿ ಮಾತಾಡಬಾರದು ಎಂದು ಡಾಕ್ಟರು ಹೇಳಿದರು. ದೊಡ್ಡಪ್ಪನ ಬದುಕಿನಲ್ಲಿ ಎಚ್ಚರವಾಗಿದ್ದುಕೊಂಡು ಒಂದು ಗಂಟೆ ಮಾತಾಡದೆ ಇದ್ದದ್ದು ನನಗೆ ಗೊತ್ತಿಲ್ಲ.

ಕ್ಲಿನಿಕ್ಕಿನಿಂದ ಹೊರಡಬೇಕು ಎನ್ನುವಾಗ ಭಾನುಪ್ರಿಯಕ್ಕನ ಫೋನು ಬಂತು. ಅವಳು ನಮ್ಮ ಹಿಂದಿನ ಬೀದಿಯ ಕೆಂಚಯ್ಯನವರ ಸೊಸೆ, ನನಗೆ ಸ್ನೇಹಿತೆ. ಕೆಂಚಯ್ಯನವರಿಗೆ ಎಪ್ಪತ್ತೆರಡು. ನಾಲ್ಕು ವರ್ಷದ ಹಿಂದೆ ಅವರ ಹೃದಯಕ್ಕೆ ಲೋಹದ ಕವಾಟ ಹಾಕಿದ್ದಾರೆ, ತಿಂಗಳಿಗೊಂದು ಸಲ ರಕ್ತಪರೀಕ್ಷೆ, ಅದರ ಪ್ರಕಾರ ಮಾತ್ರೆ. ಅವರಿಗೂ ಒಂದು ಹಲ್ಲು ಅಲ್ಲಾಡುತ್ತಿತ್ತು. ಡೇರಿಯಲ್ಲಿ ಪೊರೆಯ ಸಿದ್ಧಾಂತ ಕೇಳಿ ಅವರು ಮೂರು ದಿನದಿಂದ ಮಾತ್ರೆ ಬಿಟ್ಟಿದ್ದರು. ಭಾನುಪ್ರಿಯಕ್ಕನಿಗೆ ಅದು ಗೊತ್ತಾದದ್ದು ಈಗ, ಬಟ್ಟೆ ಕಟ್ಟುವಾಗ. ಕೆಂಚಯ್ಯ ಡೇರಿಗೆ ಹಾಲು ಹಾಕಿ, ಐದೂವರೆಯ ಬಸ್ಸಿಗೆ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಮಾಗಡಿ ಕಡೆ ಕಲ್ಯದ ಮಗಳ ಮನೆಗೆ ಎಂಟು ದಿನಕ್ಕೆ ಹೊರಟಿದ್ದರು. ಮಾತ್ರೆ ಡಬ್ಬಿ ಬೇಡವೆಂದು ಮನೆಯಲ್ಲೇ ಬಿಟ್ಟಿದ್ದರು.

ಡಾಕ್ಟರು ಫೋನು ಕಿತ್ತುಕೊಂಡರು ಎಂದೇ ಹೇಳಬೇಕು. ಅಂಥ ಕವಾಟ ಇರುವವರು ಒಂದು ದಿನವೂ ಬಿಡುವ ಹಾಗಿಲ್ಲ, ಕವಾಟವೇ ಹೆಪ್ಪುಗಟ್ಟಿ ನಿಂತುಹೋಗಬಹುದು, ಲಕ್ವ ಹೊಡೆಯಬಹುದು, ಈಗಲೇ ಅವರ ಆಸ್ಪತ್ರೆಗೆ ಫೋನು ಮಾಡಿ ಕೇಳಿ ಎಂದರು. ಭಾನುಪ್ರಿಯಕ್ಕ ಆಗಲೇ ಮಾಡಿದ್ದಳು. ಇವತ್ತಿನ ಮಾತ್ರೆ ಇವತ್ತೇ ಕೊಡಿ, ಬಿಟ್ಟದ್ದಕ್ಕೆಂದು ಎರಡೆರಡು ಕೊಡಬೇಡಿ, ತಕ್ಷಣ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಕೆಂಚಯ್ಯ ನಂಬಲಿಲ್ಲ. ಫೋನಿನಲ್ಲಿ ಡಾಕ್ಟರೆಂದು ಹೇಳಿಕೊಳ್ಳುವವರೆಲ್ಲ ಕೊನೆಗೆ ಓಟಿಪಿ ಕೇಳುತ್ತಾರೆ ಎಂದರು. ನಮ್ಮ ಡಾಕ್ಟರು ತಾವೇ ಮಾತಾಡಿದಾಗ, ಹಲ್ಲು ಕೀಳುವವರಿಗೆ ಎದೆಯ ವಿಷಯ ಏನು ಗೊತ್ತು ಎಂದರು. ನಾಲ್ಕು ವರ್ಷದಿಂದ ಮಾತ್ರೆಗಾಗಿ ಸೊಸೆಯ ಜೊತೆ ಜಗಳವಾಡಿದ ಮನುಷ್ಯನಿಗೆ, ಮಾತ್ರೆ ಬಿಡು ಎಂದು ಹೇಳಿದ ಒಬ್ಬನೇ ಪಂಡಿತ ಸಿಕ್ಕಿದ್ದ. ಅವನನ್ನು ಬಿಟ್ಟುಕೊಡುವುದಕ್ಕೆ ಅವರು ತಯಾರಿರಲಿಲ್ಲ.

“ಸಿದ್ದಯ್ಯ ಬಾಯಲ್ಲಿ ಹೇಳವ್ನೆ. ಸಿದ್ದಯ್ಯನೇ ಬಾಯಲ್ಲಿ ಹೇಳ್ಲಿ,” ಎಂದು ಇಟ್ಟುಬಿಟ್ಟರು.

ದೊಡ್ಡಪ್ಪನ ಬಾಯಲ್ಲಿ ಹತ್ತಿ ಇತ್ತು.

ಬಸ್ಸಿನಲ್ಲಿ ನನ್ನದು ಹೆಂಗಸರ ಉಚಿತ ಚೀಟಿ, ದೊಡ್ಡಪ್ಪನದು ದುಡ್ಡಿನದು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೆ ಅವರು ಎದೆ ತೋರಿಸಿದರು. ಅವರ ತಲೆಯಲ್ಲಿ ಬೇರೇನೂ ಇರಲಿಲ್ಲ. ಕಂಡಕ್ಟರು ಹೆದರಿ, ಆಸ್ಪತ್ರೆ ಹತ್ತಿರ ನಿಲ್ಲಿಸಲೇ ಎಂದ. ನಾನು ಹೊಂಗನೂರು ಎಂದೆ. ನಾನು ಹೇಳಿದ್ದು ಅವನಿಗೆ ಕೇಳಿಸಿದ್ದು ಮೂರನೇ ಸಲಕ್ಕೆ.

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾವು ಡೇರಿಯ ಮುಂದೆ ಇಳಿದೆವು. ನಾವು ಬಂದ ಬಸ್ಸೇ ಮುಂದಿನ ಊರಿಗೆ ಹೋಗಿ ತಿರುಗಿ ಬರುವುದು ಐದೂವರೆಗೆ. ಕೆಂಚಯ್ಯ ಹಾಲು ಹಾಕಿ ಮುಗಿಸಿ, ಬಿಳಿ ಪಂಚೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ. ಭಾನುಪ್ರಿಯಕ್ಕ ಮಾತ್ರೆ ಡಬ್ಬಿಯನ್ನೂ ಒಂದು ಲೋಟ ನೀರನ್ನೂ ಹಿಡಿದು ಎದುರಿಗೆ ನಿಂತಿದ್ದಳು. ಅವರು ಅವಳ ಕಡೆ ಬೆನ್ನು ಮಾಡಿದ್ದರು. ಹಾಲು ಹಾಕಲು ಬಂದ ಇಪ್ಪತ್ತು ಜನ ಸುತ್ತ ಸೇರಿದ್ದರು.

ದೊಡ್ಡಪ್ಪ ನೇರವಾಗಿ ಹೋಗಿ ಕೆಂಚಯ್ಯನವರ ಎದೆ ತೋರಿಸಿದರು, ಆಮೇಲೆ ಬಾಯಿ ತೋರಿಸಿದರು, ಆಮೇಲೆ ಒಂದು ಬೆರಳೆತ್ತಿ ಗಂಟಲೊಳಗೆ ಇಳಿಸುವ ಹಾಗೆ ಮಾಡಿದರು. ಜನರಲ್ಲಿ ಒಬ್ಬರು, ಹಲ್ಲು ಕೀಳುವಾಗ ಎದೆಯೇ ಬಾಯಿಗೆ ಬಂತಂತೆ ಎಂದು ಅರ್ಥ ಹೇಳಿದರು. ಇನ್ನೊಬ್ಬರು, ಅಲ್ಲ, ಕಿತ್ತ ಹಲ್ಲನ್ನು ಇವರೇ ನುಂಗಿಬಿಟ್ಟಿದ್ದಾರೆ ಎಂದರು. ಕ್ಯಾನು ಹಿಡಿದು ನಿಂತಿದ್ದ ಸಿದ್ದಮ್ಮಜ್ಜಿ ದೊಡ್ಡಪ್ಪನ ಊದಿದ ಕೆನ್ನೆ, ಸೊಟ್ಟಗಾದ ತುಟಿ ನೋಡಿ, ಮಾತು ನಿಂತುಹೋಗಿದೆ, ಲಕ್ವ ಹೊಡೆದಿದೆ ಎಂದು ಅಳುವುದಕ್ಕೇ ಕುಳಿತರು. ಇನ್ನಿಬ್ಬರು ಹೆಂಗಸರು ಅವರನ್ನು ಸಮಾಧಾನ ಮಾಡಲು ಹೋಗಿ ತಾವೂ ಅತ್ತರು.

ನಾನು ಕೆಂಚಯ್ಯನವರ ಹತ್ತಿರ ಹೋಗಿ, ಮಾತ್ರೆ ನುಂಗಬೇಕಂತೆ ತಾತ ಎಂದೆ. ಅವರಿಗೆ ಕಿವಿ ಸ್ವಲ್ಪ ಮಂದ, ನನ್ನ ದನಿ ಇನ್ನೂ ಮಂದ. ಕೇಳಿಸಿದಾಗಲೂ, ನೀನು ನಮ್ಮ ಸೊಸೆ ಕಡೆಯವಳು ಎಂದು ತಳ್ಳಿಹಾಕಿದರು.

ದೊಡ್ಡಪ್ಪನ ಕಣ್ಣು ಡೇರಿಯ ಕಪ್ಪು ಹಲಗೆಯ ಮೇಲೆ ಬಿತ್ತು. ಸೀಮೆಸುಣ್ಣ ತೆಗೆದುಕೊಂಡು ಬರೆಯಲು ಹೋದರು. ರುದ್ರಪ್ರಸಾದ್ ಅಡ್ಡ ಬಂದು ನಿಂತರು. ಅದು ಸಂಘದ ಹಲಗೆ, ಅದರ ಮೇಲೆ ಹಾಲಿನ ಫ್ಯಾಟು ಮತ್ತು ದರ ಬಿಟ್ಟು ಬೇರೇನು ಬರೆದರೂ ಮೇಲಿನವರಿಗೆ ಉತ್ತರ ಕೊಡಬೇಕು, ಅರ್ಜಿ ಕೊಟ್ಟರೆ ಮುಂದಿನ ಸಭೆಯಲ್ಲಿ ಇಡುತ್ತೇನೆ ಎಂದರು. ದೊಡ್ಡಪ್ಪ ಅವರನ್ನು ಒತ್ತರಿಸಿ ‘ಮಾತ್ರೆ ನುಂಗು’ ಎಂದು ಫ್ಯಾಟಿನ ಕಾಲಮ್ಮಿನಲ್ಲಿ ಬರೆದೇಬಿಟ್ಟರು. ಕೆಂಚಯ್ಯ ಅದನ್ನು ಬಹಳ ಹೊತ್ತು ನೋಡಿದರು. ಓದು ಬಾರದ ಅವರಿಗೆ ಅದು ಇವತ್ತಿನ ದರ ಇಳಿದ ಹಾಗೆ ಕಂಡಿತು. ಅಷ್ಟು ಇಳಿಸಿದರೆ ಹೇಗೆ ಎಂದು ರುದ್ರಪ್ರಸಾದರನ್ನು ತರಾಟೆಗೆ ತೆಗೆದುಕೊಂಡರು. ಬೇರೆಯವರು ಓದಿ ಹೇಳಿದರೂ ಕೇಳಲಿಲ್ಲ. ಬರಹ ಬೇಡ, ಸಿದ್ದಯ್ಯ ಬಾಯಲ್ಲೇ ಹೇಳಲಿ ಎಂದರು.

ದೊಡ್ಡಪ್ಪ ಹತ್ತಿ ತೆಗೆಯಲು ಬೆರಳು ಹಾಕಿದರು. ನಾನು ಅವರ ಕೈ ಹಿಡಿದು ಫೋನಿನ ಗಡಿಯಾರ ತೋರಿಸಿದೆ. ಇನ್ನೂ ಹನ್ನೆರಡು ನಿಮಿಷ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಕೆಂಚಯ್ಯ ಎದ್ದು ಚೀಲಕ್ಕೆ ಕೈ ಹಾಕಿದರು. ಅದಕ್ಕಿಂತ ಮೊದಲೇ ದೊಡ್ಡಪ್ಪ ಚೀಲದ ಮೇಲೆ ಕುಳಿತುಬಿಟ್ಟರು.

“ಏಳ್ಲಾ ಸಿದ್ದ. ಅದ್ರಲ್ಲಿ ಮೊಮ್ಮಗೀಗೆ ಚಕ್ಕುಲಿ ಐತೆ.”

ದೊಡ್ಡಪ್ಪ ಇನ್ನೂ ಭದ್ರವಾಗಿ ಕುಳಿತರು. ಚಕ್ಕುಲಿ ಮುರಿದದ್ದು ಎಲ್ಲರಿಗೂ ಕೇಳಿಸಿತು. ಕೆಂಚಯ್ಯ ಚೀಲದ ಕಿವಿ ಹಿಡಿದು ಎಳೆದರು, ಚೀಲದ ಜೊತೆ ದೊಡ್ಡಪ್ಪನೂ ಕಟ್ಟೆಯ ಮೇಲೆ ಒಂದು ಮಾರು ಜಾರಿದರು, ಏಳಲಿಲ್ಲ. ಬಸ್ಸು ನಿಂತಿತು. ಕಂಡಕ್ಟರು ಇಳಿದು ಬಂದು, ಎದೆ ತೋರಿಸಿದ ಮನುಷ್ಯ ಇವರೇ ಎಂದು ಎಲ್ಲರಿಗೂ ಹೇಳಿದ. ಸಿದ್ದಮ್ಮಜ್ಜಿಯ ಅಳು ಒಂದು ಸ್ವರ ಮೇಲಕ್ಕೆ ಹೋಯಿತು. ಡ್ರೈವರು ಎರಡು ಸಲ ಹಾರನ್ನು ಹೊಡೆದು, ಮೂರನೇ ಸಲ ಕಾಯದೆ ಹೊರಟುಹೋದ.

ಬಸ್ಸು ಹೋದ ಮೇಲೆ ಕೆಂಚಯ್ಯ ಸೊಂಟಕ್ಕೆ ಕೈ ಕೊಟ್ಟು ದೊಡ್ಡಪ್ಪನ ಎದುರಿಗೆ ನಿಂತರು. ಡೇರಿಯಲ್ಲಿ ಹಾಲು ಅಳೆಯುವುದು ನಿಂತಿತ್ತು. ಇಪ್ಪತ್ತು ಜನ ಕ್ಯಾನು ಕೆಳಗಿಟ್ಟು ನನ್ನ ಫೋನನ್ನೇ ನೋಡುತ್ತಿದ್ದರು. ನಾನು ನಿಮಿಷ ಹೇಳುತ್ತಿದ್ದೆ, ರುದ್ರಪ್ರಸಾದ್ ಅದನ್ನು ಗಟ್ಟಿಯಾಗಿ ಸಾರುತ್ತಿದ್ದರು. ಐದು. ನಾಲ್ಕು. ದೊಡ್ಡಪ್ಪ ಒಂದೇ ಸಮನೆ ನೆಲ ನೋಡುತ್ತಿದ್ದರು. ಅವರು ಏನು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಪೊರೆಯ ಸಿದ್ಧಾಂತವೂ ಉಳಿಯಬೇಕು, ಕೆಂಚಯ್ಯನೂ ಉಳಿಯಬೇಕು, ಅಂಥದ್ದೊಂದು ಮಾತು ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು.

ಐದು ನಲವತ್ತು ಎಂದೆ. ಅವರು ನಿಧಾನವಾಗಿ ಹತ್ತಿ ತೆಗೆದು ಕಾಗದದಲ್ಲಿ ಸುತ್ತಿದರು. ರಕ್ತ ನಿಂತಿತ್ತು.

“ಕೆಂಚಣ್ಣ,” ಎಂದರು. “ನಂಗೇನೂ ಗೊತ್ತಿಲ್ಲ.”

“ಅದು ಊರಿಗೇ ಗೊತ್ತು,” ಎಂದರು ಕೆಂಚಯ್ಯ. “ಮಾತ್ರೆ ನುಂಗಬೇಕೋ ಬ್ಯಾಡ್ವೋ, ಅಷ್ಟೇಳು.”

“ನುಂಗು.”

ಕೆಂಚಯ್ಯ ಸೊಸೆಯ ಕೈಯಿಂದ ಡಬ್ಬಿ ತೆಗೆದುಕೊಂಡು ಒಂದು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದರು. ರುದ್ರಪ್ರಸಾದ್ ತಮ್ಮ ಕಾರಿನ ಬೀಗದ ಕೈ ಹುಡುಕಲು ಒಳಗೆ ಹೋದರು. ಆ ಕಾರಿನಲ್ಲೇ ಕೆಂಚಯ್ಯನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಹೊರಡುವ ಮೊದಲು ಕೆಂಚಯ್ಯ ತಮ್ಮ ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಒಂದು ಸಲ ಮುಟ್ಟಿ ನೋಡಿಕೊಂಡರು. ಹಲ್ಲು ಕೀಳುವಾಗ ನೋವಾಗುತ್ತದೆಯೇ, ಸೂಜಿ ಎಷ್ಟು ದೊಡ್ಡದು, ನೀನಾದರೆ ಅನುಭವಸ್ಥ ಹೇಳು ಎಂದು ದೊಡ್ಡಪ್ಪನನ್ನು ಕೇಳಿದರು. ಜನ ಮತ್ತೆ ಹತ್ತಿರ ಬಂದರು. ಸಿದ್ದಮ್ಮಜ್ಜಿಯೂ ಕಣ್ಣು ಒರೆಸಿಕೊಂಡು ಕಿವಿ ಕೊಟ್ಟರು.

ದೊಡ್ಡಪ್ಪ ಉತ್ಸಾಹದಿಂದ ಬಾಯಿ ತೆರೆದರು. ಒಂದು ಕ್ಷಣ ಹಾಗೆಯೇ ಇದ್ದು, ಮುಚ್ಚಿದರು. ಆಮೇಲೆ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ಸನ್ನೆ ಮಾಡಿದರು. ಡಾಕ್ಟರು ಮಾತಾಡಬಾರದು ಎಂದಿದ್ದಾರೆ ಎಂದು ನಾನು ಹೇಳಿದೆ. ಆಗ ಗಂಟೆ ಮುಗಿದು ಹತ್ತು ನಿಮಿಷವಾಗಿತ್ತು, ಫೋನು ನನ್ನ ಕೈಯಲ್ಲೇ ಇತ್ತು. ಅದರ ಕಡೆ ಯಾರೂ ನೋಡಲಿಲ್ಲ.